ಅಮ್ಮನೇ ಮಗುವಾದ ಪ್ರಹಸನ

ಮೊನ್ನೆ ಅಕ್ಕ ಬಂದಿದ್ದಳು. ಊಟದ ತಟ್ಟೆಗಳನ್ನು ಹಾಗೇ ಬಿಟ್ಟು ಇಬ್ಬರೂ ‘ಫ್ರೆಂಚ್ ಮತ್ತು ಸಾಂಡರ್ಸ್’ ಅನ್ನೋ ಹಾಸ್ಯ ಕಾರ್ಯಕ್ರಮ ನೋಡುತ್ತ ಕೂತೆವು. ಲಂಡನ್ನಿನ ನಾಟಕ ಶಾಲೆಯಲ್ಲಿ ಪರಿಚಯವಾದ ಡಾನ್ ಫ್ರೆಂಚ್, ಜೆನಿಫರ್ ಸಾಂಡರ್ಸ್ ತಾವೇ ಬರೆದು ನಟಿಸಿದ ಈ ಕಾರ್ಯಕ್ರಮ ಬಿಬಿಸಿಯಲ್ಲಿ ಶುರುವಾದದ್ದು 1987ರಲ್ಲಿ.

ನನಗೆ ಪ್ರಾಣ ಅಂದರೆ 1990ರ ತಾಯಿ-ಮಗಳ ಪ್ರಹಸನ. ಮಗಳು ಫ್ರೆಂಚ್, ಮೈಯೆಲ್ಲ ಗಾಂಭೀರ್ಯ. ಅಮ್ಮ ಸಾಂಡರ್ಸ್, ಎಳೆ ಮಗುವಿನ ಹಟ. ಅಮ್ಮ ರಂಪ ಮಾಡುವಾಗ ನನ್ನ ಕಣ್ಣು ಮಗಳ ಮುಖದ ಮೇಲೇ. ಎಷ್ಟು ಸುಸ್ತಾಗಿದೆ ಆ ಮುಖ! ಇದೇ ಎಳೆಯಿಂದ 1992ರಲ್ಲಿ ಸಾಂಡರ್ಸ್ ‘ಆಬ್ಸಲ್ಯೂಟ್ಲಿ ಫ್ಯಾಬ್ಯುಲಸ್’ ಎಂಬ ಹಾಸ್ಯ ಧಾರಾವಾಹಿ ಬೆಳೆಸಿದರು.

ಅಕ್ಕ ನನ್ನ ತೋಳು ಹಿಡಿದು, “ಏ, ಇದು ನಮ್ಮಮ್ಮನೇ ಕಣೇ!” ಅಂದಳು. ಮತ್ತೆ ಮೊದಲಿಂದ ಹಾಕಿದೆವು.