160 ಮೀಟರ್ ಆಳದಲ್ಲಿ ಹಿಂದಿನ ಕೋಣೆಗೆ ನೀರು

20 ಜುಲೈ 2025, ಭಾನುವಾರ
ಚಿಕ್ಕಮಗಳೂರು

ಬೋಟ್ ಉಳಿಯಿತು. ಒಳಗಿದ್ದವರೂ ಉಳಿದರು. ಮೊದಲು ಅದನ್ನು ಬರೆದುಬಿಡುತ್ತೇನೆ, ಯಾಕಂದ್ರೆ ಊಟದ ಹೊತ್ತಿಗೆ ಕಥೆ ಮುಗೀತು ಅಂತಲೇ ಅನ್ನಿಸಿತ್ತು.

ಆಟ ಸೈಲೆಂಟ್ ಹಂಟರ್ 3. 2005ರದ್ದು, ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲೂ ಸಲೀಸಾಗಿ ಓಡುತ್ತದೆ. ನನ್ನ ಕೈಲಿರುವುದು ಎರಡನೇ ಮಹಾಯುದ್ಧದ ಜರ್ಮನ್ ಸಬ್‌ಮರೀನ್, ಟೈಪ್ 7ಸಿ. 67 ಮೀಟರ್ ಉದ್ದ. ಐರ್ಲೆಂಡಿನ ಪಶ್ಚಿಮಕ್ಕೆ, 1941ರ ಸಮುದ್ರ. ಒಂದು ಕಾನ್ವಾಯ್, ಅಂದ್ರೆ ಒಟ್ಟಾಗಿ ಸಾಗುವ ಸರಕು ಹಡಗುಗಳ ಗುಂಪಿನ ಮೇಲೆ ಟಾರ್ಪೆಡೊ ಬಿಟ್ಟು ಕೆಳಗಿಳಿದೆ. ಬೆಂಗಾವಲಿನ ಯುದ್ಧ ಹಡಗು, ಡೆಸ್ಟ್ರಾಯರ್ ಒಂದು ಬೆನ್ನು ಬಿಡಲೇ ಇಲ್ಲ. ಅದು ಹಾಕಿದ ಡೆಪ್ತ್ ಚಾರ್ಜ್ (ನೀರೊಳಗೆ ಸಿಡಿಯುವ ಬಾಂಬು) ಒಂದು ಬೋಟಿನ ಬಾಲದ ಹತ್ತಿರವೇ ಸಿಡಿಯಿತು.

ಏಟು ಬಿದ್ದದ್ದು ಬೀಳಬಾರದ ಜಾಗಕ್ಕೆ. 7ಸಿ ಬೋಟಿನ ಹಿಂದಿನ ಕೋಣೆಯಲ್ಲಿ ಬರೀ ಟಾರ್ಪೆಡೊ ಕೊಳವೆ ಇರುವುದಲ್ಲ. ನೀರೊಳಗೆ ಬೋಟನ್ನು ಓಡಿಸುವ ಎರಡು ವಿದ್ಯುತ್ ಮೋಟಾರ್‌ಗಳೂ ಅಲ್ಲೇ ಇವೆ. ಅಲ್ಲಿ ನೀರು ಏರಿತು ಅಂದ್ರೆ ಮೋಟಾರ್ ಹೋಯ್ತು. ಮೋಟಾರ್ ಹೋದರೆ ವೇಗ ಇಲ್ಲ, ವೇಗ ಇಲ್ಲದಿದ್ದರೆ ಭಾರವಾದ ಬೋಟ್ ನಿಲ್ಲುವುದಿಲ್ಲ, ಇಳಿಯುತ್ತಲೇ ಹೋಗುತ್ತದೆ. ಆಳದ ಮುಳ್ಳು 120 ದಾಟಿತು, 140 ದಾಟಿತು, 160ಕ್ಕೆ ಬಂತು.

ಮಳೆ ಅಂತ ಹೊರಗೆ ಹೋಗಲಾಗದೆ ಅಣ್ಣನ ಮಗ ಪಕ್ಕದಲ್ಲೇ ಕೂತಿದ್ದ. ಅವನಿಗೆ ತಡೆಯಲಾಗಲಿಲ್ಲ.

"ಚಿಕ್ಕಪ್ಪ, ಗಾಳಿ ಬಿಟ್ಟು ಮೇಲೆ ಹೋಗ್ಬಿಡಿ. ಇನ್ನೂ ಏನ್ ನೋಡ್ತಿದ್ದೀರ?"

"ಇಲ್ಲಿಂದ ಗಾಳಿ ಬಿಟ್ಟರೆ ದಂಡ ಕಣೋ. ಸ್ವಲ್ಪ ತಡಿ."

ಅವನು ಹೇಳಿದ ಗಾಳಿ ಅಂದ್ರೆ ಸಿಲಿಂಡರ್‌ಗಳಲ್ಲಿ ಒತ್ತಿ ತುಂಬಿಟ್ಟ ಗಾಳಿ. ಅದನ್ನು ಬಲಾಸ್ಟ್ ಟ್ಯಾಂಕಿಗೆ ಬಿಟ್ಟರೆ ಅಲ್ಲಿನ ನೀರು ಹೊರಗೆ ಹೋಗಿ ಬೋಟ್ ಹಗುರಾಗುತ್ತದೆ. ಆದರೆ ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದರೆ ಒಂದು ವಾತಾವರಣದಷ್ಟು ಒತ್ತಡ ಜಾಸ್ತಿಯಾಗುತ್ತದೆ. 160 ಮೀಟರ್‌ನಲ್ಲಿ ಒಟ್ಟು 17, 40 ಮೀಟರ್‌ನಲ್ಲಿ 5. ಅಂದರೆ ಅಷ್ಟೇ ಗಾಳಿ 40ರಲ್ಲಿ ಮೂರು ಪಟ್ಟಿಗಿಂತ ಹೆಚ್ಚು ನೀರನ್ನು ತಳ್ಳುತ್ತದೆ. ಇರುವ ಗಾಳಿಯನ್ನೆಲ್ಲ ಆಳದಲ್ಲೇ ಸುರಿದರೆ ಆಮೇಲೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಉಳಿದರೂ ಏನು, ಮೇಲೆ ಡೆಸ್ಟ್ರಾಯರ್ ಫಿರಂಗಿ ಹಿಡಿದು ಕಾಯ್ತಾ ಇರುತ್ತದೆ.

ಸೋರಿಕೆಗೂ ಇದೇ ಒತ್ತಡದ ಲೆಕ್ಕ. ತೋಟದಲ್ಲಿ ಬೋರ್ಡೋ ದ್ರಾವಣ ಹೊಡೆಯುವಾಗ ಪವರ್ ಸ್ಪ್ರೇಯರ್ ಪೈಪು ಎಲ್ಲಾದರೂ ಸೀಳಿದರೆ ನೀರು ಹೇಗೆ ಚಿಮ್ಮುತ್ತದೆ, ಕೈ ಅಡ್ಡ ಇಡೋಕೂ ಆಗಲ್ಲ ಅಲ್ವಾ? ಆಳದಲ್ಲಿ ಸೋರಿಕೆ ಅಂದ್ರೆ ಅದು. ಅದೇ ತೂತಿನಿಂದ 40 ಮೀಟರ್‌ನಲ್ಲಿ ಬರುವ ನೀರು, 160 ಮೀಟರ್‌ನಲ್ಲಿ ಬರುವುದರ ಅರ್ಧ ಮಾತ್ರ. ಹಾಗಾಗಿ ತೂತು ಮುಚ್ಚುವುದು ಎಷ್ಟು ಮುಖ್ಯವೋ ಸ್ವಲ್ಪ ಸ್ವಲ್ಪವಾಗಿ ಮೇಲೇರುವುದೂ ಅಷ್ಟೇ ಮುಖ್ಯ.

ಗಾಳಿ ಮುಟ್ಟದೆ ಮೇಲೇರಬೇಕು ಅಂದ್ರೆ ಮೋಟಾರ್ ಬೇಕು. ನೀರು ತುಂಬಿ ಬಾಲ ಇಳಿದಿತ್ತು, ಮೂತಿ ಮೇಲೆದ್ದಿತ್ತು. ಅದೇ ಈಗ ಕೆಲಸಕ್ಕೆ ಬಂತು. ಮೂತಿ ಮೇಲಿರುವಾಗ ಮುಂದಕ್ಕೆ ಓಡಿಸಿದರೆ ಬೋಟ್ ಓರೆಯಾಗಿ ಮೇಲಕ್ಕೇ ಹೋಗುತ್ತದೆ. ಆದರೆ ವೇಗ ಹೆಚ್ಚಿಸಿದರೆ ಪ್ರೊಪೆಲ್ಲರ್ ಸದ್ದು, ಸದ್ದಾದರೆ ಮೇಲಿನವನಿಗೆ ಕೇಳುತ್ತದೆ. ಸದ್ದಿಲ್ಲದೆ ಹೋಗುವ ಆಜ್ಞೆ ಕೊಟ್ಟರೋ, ಈ ಆಟದಲ್ಲಿ ರಿಪೇರಿಯೇ ನಿಂತುಬಿಡುತ್ತದೆ. ಅಡಗುವುದಾದರೆ ಮುಳುಗಬೇಕು, ರಿಪೇರಿ ಮಾಡುವುದಾದರೆ ಸಿಕ್ಕಿಬೀಳಬೇಕು.

ನಾನು ಈ ಆಟವನ್ನು ಇಷ್ಟು ಪ್ರೀತಿಸುವುದು ಇಂಥ ಗಳಿಗೆಗೇ. ದಾರಿ ಇದೆ, ಆದರೆ ಅದು ಡೆಸ್ಟ್ರಾಯರ್ ಕಿವಿಯಲ್ಲಿದೆ. ಸಬ್‌ಮರೀನನ್ನು ಸದ್ದಿನ ಪ್ರತಿಧ್ವನಿಯಿಂದ ಹುಡುಕುವ ಅದರ ಉಪಕರಣ ಆಸ್ಡಿಕ್. ಅದರ ಕಿರಣ ಹಡಗಿನ ಮುಂದಕ್ಕೆ ಹೋಗುತ್ತದೆ, ನೇರ ಕೆಳಕ್ಕೆ ಅಲ್ಲ. ಹಡಗು ನಮ್ಮ ತಲೆಯ ಮೇಲೆ ಬರುವಾಗ ಅದಕ್ಕೆ ನಾವು ಕಾಣುವುದಿಲ್ಲ. ಆಮೇಲೆ ಚಾರ್ಜ್‌ಗಳು ಸಿಡಿದಾಗ ನೀರೆಲ್ಲ ಕಲಕಿ ಏನೂ ಕೇಳುವುದೂ ಇಲ್ಲ. ನಿಜವಾದ ಸಬ್‌ಮರೀನಿನವರೂ ಆ ಗದ್ದಲದಲ್ಲೇ ಪಂಪ್ ಓಡಿಸಿಕೊಳ್ಳುತ್ತಿದ್ದರು.

ನಾನೂ ಹಾಗೇ ಮಾಡಿದೆ. ಡೆಸ್ಟ್ರಾಯರ್ ತಲೆಯ ಮೇಲೆ ಬಂದ ಕೂಡಲೇ ಪೂರ್ತಿ ವೇಗ, ಚುಕ್ಕಾಣಿ ಒಂದು ಕಡೆಗೆ ಪೂರ್ತಿ, ರಿಪೇರಿ ತಂಡ ಹಿಂದಿನ ಕೋಣೆಗೆ. ಸಿಡಿತ ನಿಂತ ಮೇಲೆ ಮತ್ತೆ ನಿಧಾನ. ಆ ನಿಧಾನದಲ್ಲಿ ಕೆಲವು ಮೀಟರ್ ಮತ್ತೆ ಕೆಳಕ್ಕೆ. ಮುಂದಿನ ಸಲ ಅದು ಬಂದಾಗ ಮತ್ತೆ ಓಟ, ಕಳೆದುಕೊಂಡದ್ದಕ್ಕಿಂತ ಸ್ವಲ್ಪ ಜಾಸ್ತಿ ಮೇಲಕ್ಕೆ. ಹುಡುಗನಿಗೆ ಲಯ ಸಿಕ್ಕಿಬಿಟ್ಟಿತ್ತು. ಹಡಗು ತಲೆಯ ಮೇಲೆ ಬರುವ ಮೊದಲೇ "ಈಗ ಚಿಕ್ಕಪ್ಪ, ಈಗ!" ಅನ್ನುತ್ತಿದ್ದ. ಬ್ಯಾಟರಿ ಮಾತ್ರ ನೋಡನೋಡುತ್ತ ಇಳಿಯುತ್ತಿತ್ತು. ಊಟಕ್ಕೆ ಕರೆದರೂ ಇಬ್ಬರೂ ಏಳಲಿಲ್ಲ.

ಸೋರಿಕೆ ನಿಂತಾಗ ಬೋಟ್ 90 ಮೀಟರ್‌ನಲ್ಲಿತ್ತು. ಡೆಸ್ಟ್ರಾಯರ್ ಕಾನ್ವಾಯ್ ಸೇರಿಕೊಳ್ಳಲು ಹೊರಟುಹೋಯಿತು. ಕತ್ತಲಾಗುವವರೆಗೆ ಕಾದು, 40ಕ್ಕೆ ಏರಿ, ಅಲ್ಲಿ ಗಾಳಿ ಬಿಟ್ಟೆ. ಮೇಲೆ ಬಂದ ಕೂಡಲೇ ಡೀಸೆಲ್ ಎಂಜಿನ್ ಹಾಕಿ ಬ್ಯಾಟರಿ ಚಾರ್ಜಿಗೆ ಇಟ್ಟೆ.

ಆಮೇಲೆ ಊಟ ಮಾಡುತ್ತಾ ಅವನಿಗೆ ಸ್ಕ್ವಾಲಸ್ ಕಥೆ ಹೇಳಿದೆ. 1939ರ ಮೇ 23. ಅಮೆರಿಕದ ಸಬ್‌ಮರೀನ್, ಪರೀಕ್ಷೆಗೆಂದು ಮುಳುಗಿತ್ತು. ಎಂಜಿನ್ನಿಗೆ ಗಾಳಿ ತರುವ ದೊಡ್ಡ ವಾಲ್ವ್ ತೆರೆದೇ ಇದ್ದು ಹಿಂದಿನ ಕೋಣೆಗಳಿಗೆ ನೀರು ನುಗ್ಗಿತು. ಅದಕ್ಕೂ ಬಾಲವೇ ಭಾರವಾಯಿತು. ಲಾಯ್ಡ್ ಮೇನೆಸ್ ಅನ್ನುವ ನಾವಿಕ ಆ ಇಳಿಜಾರಿನಲ್ಲಿ ಭಾರದ ಉಕ್ಕಿನ ಬಾಗಿಲನ್ನು ಮೇಲಕ್ಕೆಳೆದು ಮುಚ್ಚಬೇಕಾಯಿತು. ಓಡಿ ಬರುತ್ತಿದ್ದವರು ದಾಟುವವರೆಗೆ ತಡೆದು, ಆಮೇಲೆ ಮುಚ್ಚಿದ. ಆ ಕಡೆ ಉಳಿದ 26 ಜನ ಸತ್ತರು. ಈ ಕಡೆಯ 33 ಜನರನ್ನು ಸುಮಾರು 74 ಮೀಟರ್ ಆಳದಿಂದ ಗಂಟೆಯಾಕಾರದ ಒಂದು ಕೋಣೆಯಲ್ಲಿ ನಾಲ್ಕು ಸರದಿಯಲ್ಲಿ ಮೇಲೆ ತಂದರು.

ವಿಶಾಖಪಟ್ಟಣದ ಬೀಚಿನಲ್ಲಿ ಮ್ಯೂಸಿಯಂ ಮಾಡಿಟ್ಟಿರುವ ನಮ್ಮ ಐಎನ್‌ಎಸ್ ಕುರ್ಸುರಾ ನೋಡಿದ ಮೇಲೆ ನನಗೆ ಅಂಥ ಬಾಗಿಲು ಅಂದ್ರೆ ಏನು ಅಂತ ಅರ್ಥವಾಗಿತ್ತು. ದುಂಡನೆಯ ಕಿಂಡಿ. ಬಗ್ಗಿ, ಒಂದು ಕಾಲು ಆಚೆ ಹಾಕಿ, ತಲೆ ತಗ್ಗಿಸಿ ನುಸುಳಬೇಕು. ಸುಮ್ನೆ ನೋಡಲು ಹೋದವರಿಗೇ ಅಷ್ಟು ಹೊತ್ತು ಹಿಡಿಯುತ್ತದೆ. ಕತ್ತಲಲ್ಲಿ, ಮೊಣಕಾಲು ನೀರಿನಲ್ಲಿ ಓಡಿಬಂದವರಿಗೆ?

ಆಟದ ಈ ಬೋಟ್ ಯಾರ ಪರ ಹೋರಾಡಿತ್ತು ಅನ್ನುವುದನ್ನೂ ಅವನಿಗೆ ಹೇಳಿದ್ದೇನೆ. ಇವು ಮುಳುಗಿಸಿದ ಬ್ರಿಟಿಷ್ ಸರಕು ಹಡಗುಗಳಲ್ಲಿ ನಮ್ಮ ದೇಶದ ಖಲಾಸಿಗಳೂ ಇದ್ದರು. ಈ ಬೋಟ್‌ಗಳಲ್ಲಿ ಹೋದ ಸುಮಾರು 40,000 ಜರ್ಮನರಲ್ಲಿ ಹತ್ತಿರಹತ್ತಿರ 30,000 ಜನ ವಾಪಸ್ ಬರಲಿಲ್ಲ. ಎರಡೂ ಅವನಿಗೆ ಗೊತ್ತಿರಬೇಕು.

ಮುಂದಿನ ಕೊಳವೆಗಳಲ್ಲಿ ಇನ್ನೂ ಎರಡು ಟಾರ್ಪೆಡೊ ಇವೆ. ಕಾನ್ವಾಯ್ ಹಿಂದೆ ಹೋಗೋಣ ಅಂತ ಅವನ ಹಟ. ನಾನು ಒಪ್ಪಲಿಲ್ಲ. ಕೋಣೆಯ ಸೋರಿಕೆ ಮುಚ್ಚಬಹುದು, ಆದರೆ ಬೋಟಿನ ಒಡಲಿಗೆ ಬಿದ್ದ ಏಟನ್ನು ಈ ಆಟದಲ್ಲಿ ಸಮುದ್ರದ ಮೇಲೆ ಸರಿ ಮಾಡಲಾಗದು, ಬಂದರಿಗೇ ಹೋಗಬೇಕು. ಇನ್ನು ಆಳಕ್ಕೆ ಇಳಿದರೆ ತಡೆಯುತ್ತದೆ ಅನ್ನುವ ಭರವಸೆ ಇಲ್ಲ. ನಕ್ಷೆಯಲ್ಲಿ ಫ್ರಾನ್ಸಿನ ಲೋರಿಯಾಂ ಬಂದರಿಗೆ ದಾರಿ ಹಾಕಿದ್ದೇನೆ. ಬಿಸ್ಕೇ ಕೊಲ್ಲಿಯಲ್ಲಿ ವಿಮಾನಗಳ ಕಾಟ, ಹಗಲು ನೀರೊಳಗೆ, ರಾತ್ರಿ ಮೇಲೆ. ಮುಂದಿನ ಭಾನುವಾರ ಚುಕ್ಕಾಣಿ ಅವನಿಗೇ ಕೊಡ್ತೀನಿ ಅಂತ ಮಾತು ಕೊಟ್ಟಿದ್ದೇನೆ.