ಗೇಮ್ ಲಾಂಛನದಲ್ಲಿ ಸ್ವಸ್ತಿಕ: ಫಿಲ್ಟರ್ ಎಲ್ಲಿ ಎಡವುತ್ತದೆ?

ಹೊಸ್ತಿಲಿಗೆ ಕುಂಕುಮದಲ್ಲಿ ಬರೆಯುವ ಸ್ವಸ್ತಿಕವನ್ನು ಯಾರಾದರೂ ಆನ್‌ಲೈನ್ ಗೇಮಿನಲ್ಲಿ ಲಾಂಛನ ಮಾಡಿಕೊಂಡರೆ ಖಾತೆ ಬ್ಲಾಕ್ ಆದೀತು. ‘ನಮ್ಮದು ನೆಟ್ಟಗೆ, ನಾಜಿಗಳದು 45 ಡಿಗ್ರಿ ಓರೆ’ ಎಂಬ ವಾದ ಇಲ್ಲಿ ನಡೆಯದು. ನಾಜಿಗಳೇ ಕೆಲವೆಡೆ ನೆಟ್ಟಗಿನದನ್ನೂ ಬಳಸಿದ್ದರು. ಮೇಲಾಗಿ ಲಾಂಛನದ ಎಡಿಟರಿನಲ್ಲಿ ಚಿತ್ರ ತಿರುಗಿಸುವ ಗುಂಡಿ ಇದ್ದೇ ಇರುತ್ತದೆ.

ಇಂಥ ಲಾಂಛನ ಹಿಡಿಯುವ ಫಿಲ್ಟರ್ ಸೋಲುವುದು ಹೆಚ್ಚಾಗಿ ಪದರಗಳಲ್ಲಿ, ಅಂದರೆ ಎಡಿಟರಿನಲ್ಲಿ ಒಂದರ ಮೇಲೊಂದು ಜೋಡಿಸುವ ಬಿಡಿ ಆಕಾರಗಳಲ್ಲಿ. ನಾಲ್ಕು ‘ಎಲ್’ ಆಕಾರಗಳನ್ನು ಬಿಡಿಬಿಡಿಯಾಗಿ ನೋಡಿದರೆ ಯಾವುದರಲ್ಲೂ ತಪ್ಪಿಲ್ಲ. ಒಂದರ ಪಕ್ಕ ಒಂದಿಟ್ಟಾಗಲೇ ಬಣ್ಣ ಬಯಲು. ಹಾಗಾಗಿ ಪದರಗಳನ್ನಲ್ಲ, ಕೂಡಿಸಿದ ಅಂತಿಮ ಚಿತ್ರವನ್ನೇ ಪರೀಕ್ಷಿಸಬೇಕು. ಬಣ್ಣ ತೆಗೆದು ಕಪ್ಪುಬಿಳುಪು ಮಾಡಿ, ದೊಡ್ಡದಾಗಿಯೂ ಪುಟ್ಟ ಐಕಾನ್ ಅಳತೆಯಲ್ಲಿಯೂ ನೋಡಬೇಕು. ಈ ಆಕಾರ 90 ಡಿಗ್ರಿಗೊಮ್ಮೆ ತನ್ನನ್ನೇ ಹೋಲುವುದರಿಂದ ಪೂರ್ತಿ ಸುತ್ತು ಬೇಕಿಲ್ಲ. 15 ಡಿಗ್ರಿಯ ಹೆಜ್ಜೆಯಲ್ಲಿ ಆರು ಕೋನ, ಕನ್ನಡಿ ಬಿಂಬ ಸೇರಿ ಹನ್ನೆರಡು ಹೋಲಿಕೆ ಸಾಕು.

ಹೋಲಿಕೆ ಸಿಕ್ಕಿದ ಕೂಡಲೇ ಶಿಕ್ಷೆ ಕೊಡುವುದು ದಡ್ಡತನ. ನಾಜಿ ಧ್ವಜದಂತೆ ಕೆಂಪು ನೆಲದ ಮೇಲೆ ಬಿಳಿ ವೃತ್ತ ಇದೆಯೇ, ನಮ್ಮ ಸ್ವಸ್ತಿಕದಂತೆ ನಾಲ್ಕು ಮೂಲೆಗಳಲ್ಲಿ ಚುಕ್ಕಿಗಳಿವೆಯೇ, ಆಟಗಾರನ ಹೆಸರಿನಲ್ಲಿ ನವನಾಜಿಗಳ ಸಂಕೇತಸಂಖ್ಯೆ 1488 ಇದೆಯೇ ಎಂದು ಮನುಷ್ಯರು ನೋಡಬೇಕು. ಬರೀ 88 ಇದ್ದರೆ ಅದು 1988ರಲ್ಲಿ ಹುಟ್ಟಿದವರೂ ಆಗಿರಬಹುದು, ಚೀನೀಯರಿಗಂತೂ ಅದು ಶುಭಸಂಖ್ಯೆ. ಎಡಕ್ಕೆ ತಿರುಗಿದ ಸ್ವಸ್ತಿಕ, ಅಂದರೆ ಜಪಾನೀಯರ ‘ಮಂಜಿ’, ಅಲ್ಲಿನ ನಕ್ಷೆಗಳಲ್ಲಿ ಬೌದ್ಧ ದೇವಾಲಯದ ಗುರುತು.

ಜರ್ಮನಿಯ ಕಥೆ ಬೇರೆ. ಅಲ್ಲಿನ ದಂಡಸಂಹಿತೆಯ 86ಎ ಕಲಂ ಪ್ರಕಾರ ನಾಜಿ ಚಿಹ್ನೆ ಬಳಸಿದರೆ ಮೂರು ವರ್ಷದವರೆಗೆ ಜೈಲು ಅಥವಾ ದಂಡ. 2017ರ ‘ವೋಲ್ಫೆನ್‌ಸ್ಟೈನ್ 2’ ಗೇಮಿನ ಜರ್ಮನ್ ಆವೃತ್ತಿಯಲ್ಲಿ ಹಿಟ್ಲರನ ಮೀಸೆಯನ್ನೇ ಬೋಳಿಸಿದ್ದರು! 2018ರ ಆಗಸ್ಟ್‌ನಿಂದ ರೇಟಿಂಗ್ ಸಂಸ್ಥೆ ಯುಎಸ್‌ಕೆ ಪ್ರತಿ ಗೇಮನ್ನೂ ಬಿಡಿಯಾಗಿ ತೂಗುತ್ತಿದೆ. ಕಲೆ, ಇತಿಹಾಸದ ಕಾರಣ ಗಟ್ಟಿಯಿದ್ದರೆ ಚಿಹ್ನೆಗೆ ಜಾಗವುಂಟು.

ಇನ್ನು ಆಫೀಸಿನ ಮಾತು. 2020ರ ಆಗಸ್ಟ್‌ನಲ್ಲಿ ಫ್ರಾನ್ಸಿನ ಗೇಮ್ ಕಂಪನಿ ಯೂಬಿಸಾಫ್ಟ್‌ನ ‘ಎಲೀಟ್ ಸ್ಕ್ವಾಡ್’ ಗೇಮಿನ ಆರಂಭದ ವಿಡಿಯೊದಲ್ಲಿ ಖಳರ ಗುಂಪಿಗೆ ಎತ್ತಿದ ಮುಷ್ಟಿಯ ಗುರುತು ಕೊಟ್ಟಿದ್ದರು. ಅದೇ ಮುಷ್ಟಿಯನ್ನು ಗುರುತಾಗಿಸಿಕೊಂಡ ಕಪ್ಪು ಜನರ ಹೋರಾಟ ಬೀದಿಯಲ್ಲಿದ್ದ ಹೊತ್ತದು. ಕಂಪನಿ ಕ್ಷಮೆ ಕೇಳಿ ಗುರುತನ್ನು ತೆಗೆಯಿತು. ಅದೇ ಬೇಸಿಗೆಯಲ್ಲಿ ಅಲ್ಲಿನ ಕಿರುಕುಳದ ದೂರುಗಳೂ ಹೊರಬಿದ್ದಿದ್ದವು. 2025ರ ಜುಲೈನಲ್ಲಿ ಫ್ರಾನ್ಸಿನ ಬೊಬಿನ್ಯಿ ನ್ಯಾಯಾಲಯ ಆ ಕಂಪನಿಯ ಮೂವರು ಮಾಜಿ ಹಿರಿಯ ಅಧಿಕಾರಿಗಳನ್ನು ತಪ್ಪಿತಸ್ಥರೆಂದಿತು. ಒಂದಕ್ಕೆ ಇನ್ನೊಂದು ಕಾರಣ ಎನ್ನಲಾಗದು. ಆದರೆ ಮೇಲಿನವರಿಗೆ ‘ಇದು ಬೇಡ’ ಎನ್ನಲು ಕಿರಿಯ ಕಲಾವಿದೆ ಹೆದರುವ ಕಡೆ ಯಾವ ಫಿಲ್ಟರ್ ಇದ್ದೇನು?

ತಡೆಹಿಡಿಯುವ ಅಧಿಕಾರ ಆ ಗೇಮಿನ ನಿರ್ದೇಶಕನ ಕೈಕೆಳಗಿಲ್ಲದ ಒಬ್ಬರಿಗೆ ಇರಬೇಕು, ಅದೂ ಸ್ಕೆಚ್ ಹಂತದಲ್ಲೇ. ಆಗ ಮುಷ್ಟಿ ಅಳಿಸುವುದು ರಬ್ಬರಿನ ಕೆಲಸ. ಗೇಮ್ ಮಾರುಕಟ್ಟೆಗೆ ಬಂದ ಮೇಲೆ ಅದಕ್ಕೇ ವಿಡಿಯೊ ಮತ್ತೆ ರೆಂಡರ್ ಮಾಡಿ, ಆಂಡ್ರಾಯ್ಡ್‌ಗೊಂದು, ಐಒಎಸ್‌ಗೊಂದು ಅಪ್‌ಡೇಟ್ ಕಳಿಸಬೇಕು.