ಪಾವಗಡದ ನೀರಿನ ಕ್ಯಾನು

ಸಂಚಿಕೆಗೆ ಏನಾದರೂ ಬರೆದುಕೊಡು ಅಂತ ಮೇಡಂ ಫೋನ್ ಮಾಡಿದಾಗ ನನಗೆ ಮೊದಲು ನೆನಪಾಗಿದ್ದು ಐದು ಲೀಟರಿನ ಒಂದು ಎಣ್ಣೆ ಕ್ಯಾನು. ಅದರ ಕಥೆ ಹೇಳಬೇಕೆಂದರೆ 2019ಕ್ಕೆ ಹೋಗಬೇಕು.

ಆ ವರ್ಷ ನಾವು ಐದು ಜನ ಎಂ.ಎಸ್ಸಿ. ವಿದ್ಯಾರ್ಥಿಗಳು ಐಜೆಮ್‌ಗೆ ಅಂತ ತಂಡ ಕಟ್ಟಿದೆವು. ಜೀವಕೋಶಕ್ಕೆ ಹೊಸ ಡಿಎನ್‌ಎ ಸೇರಿಸಿ, ನಮಗೆ ಬೇಕಾದ ಕೆಲಸ ಮಾಡಿಸುವ ಸ್ಪರ್ಧೆ ಇದು. 2003ರಲ್ಲಿ ಅಮೆರಿಕದ ಎಂಐಟಿಯಲ್ಲಿ ಒಂದು ಕೋರ್ಸ್ ಆಗಿ ಶುರುವಾಯಿತು. ಮರುವರ್ಷ ಸ್ಪರ್ಧೆಯಾದಾಗ ಬಂದಿದ್ದು ಐದೇ ತಂಡ. ನಮ್ಮ ಕಾಲಕ್ಕೆ ಮುನ್ನೂರು ದಾಟಿತ್ತು. ಗೆದ್ದವರಿಗೆ ಲೆಗೊ ಇಟ್ಟಿಗೆ ಆಕಾರದ ಲೋಹದ ಟ್ರೋಫಿ. ಅದರ ಫೋಟೋನ ಲ್ಯಾಬಿನ ಫ್ರಿಜ್ ಬಾಗಿಲಿಗೆ ಅಂಟಿಸಿಕೊಂಡಿದ್ದೆವು. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನವರು 2006ರಲ್ಲೇ ಹೋಗಿ ಬಂದಿದ್ದರು. ಎಪ್ಪತ್ತು ಕಿಲೋಮೀಟರ್ ಈಚೆಗಿರುವ ತುಮಕೂರಿನವರು ಯಾಕೆ ಹೋಗಬಾರದು, ಅಲ್ವಾ?

ವಿಷಯ ಹುಡುಕಲು ಕಷ್ಟಪಡಲಿಲ್ಲ. ತಂಡದಲ್ಲಿ ಒಬ್ಬಳು ಪಾವಗಡದ ಕಡೆ ಹಳ್ಳಿಯವಳು. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಹಲ್ಲಿನ ಮೇಲೆ ಕಂದು ಗೆರೆಗಳು. ಚಿಕ್ಕಂದಿನಲ್ಲಿ ಕುಡಿದ ಬೋರ್‌ವೆಲ್ ನೀರಿನ ಫ್ಲೋರೈಡ್ ಮಾಡಿದ ಕೆಲಸ ಅದು. ಅವಳ ಅಜ್ಜಿಗೆ ಮಂಡಿಯೇ ಮಡಚುತ್ತಿರಲಿಲ್ಲ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದರೆ ಕುಡಿಯಬಾರದು ಅಂತ ಲೆಕ್ಕ. ಅಜ್ಜಿ ಮಾತ್ರ ಒಳ್ಳೆಯದಾಗಲಿ ಅಂತ ದಿನಾ ಆ ನೀರನ್ನೇ ಚೆನ್ನಾಗಿ ಕಾಯಿಸಿ ಕುಡಿಯುತ್ತಿದ್ದರು. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗುತ್ತೆ, ಅದು ಉಳಿಯುತ್ತೆ. ಮೊಮ್ಮಗಳು ಹೇಳಿದರೆ ಅಜ್ಜಿ ಕೇಳಬೇಕಲ್ಲ! ಶುದ್ಧ ನೀರಿನ ಘಟಕದ ನೀರು ಸಪ್ಪೆ ಅಂತ ಅವರ ತಕರಾರು.

ನಮ್ಮ ಐಡಿಯಾ ಸರಳ. ಕೆಲವು ಬ್ಯಾಕ್ಟೀರಿಯಾಗಳ ಆರ್‌ಎನ್‌ಎಯಲ್ಲಿ, ಅಂದರೆ ಜೀನ್‌ನಿಂದ ತಯಾರಾಗುವ ನಕಲಿನಲ್ಲಿ, ಒಂದು ತುಣುಕು ಇರುತ್ತೆ. ಫ್ಲೋರೈಡ್ ಬಂದು ಅದಕ್ಕೆ ಅಂಟಿಕೊಂಡರೆ ಆ ತುಣುಕು ಮಡಚಿಕೊಳ್ಳುವ ರೀತಿ ಬದಲಾಗಿ ಮುಂದಿನ ಜೀನ್ ಆನ್ ಆಗುತ್ತೆ. ಯೇಲ್ ವಿಶ್ವವಿದ್ಯಾಲಯದ ರೊನಾಲ್ಡ್ ಬ್ರೇಕರ್ ಅವರ ಗುಂಪು 2012ರಲ್ಲಿ ಇದನ್ನು ಕಂಡುಹಿಡಿದಿತ್ತು. ಆ ಸ್ವಿಚ್ ಮುಂದೆ ಹಸಿರಾಗಿ ಹೊಳೆಯುವ ಪ್ರೋಟೀನಿನ ಜೀನ್ ಇಟ್ಟರೆ, ಕೆಟ್ಟ ನೀರಿನಲ್ಲಿ ಬ್ಯಾಕ್ಟೀರಿಯಾ ಹೊಳೆಯಬೇಕು. ಕೆಮಿಸ್ಟ್ರಿ ಸರ್ ಒಬ್ಬರು ಕೇಳಿದರು, "ಫ್ಲೋರೈಡ್ ನೋಡೋಕೆ ನಮ್ಮಲ್ಲಿ ಬಣ್ಣದ ಟೆಸ್ಟ್ ಇದೆಯಲ್ಲಪ್ಪ, ಅದಕ್ಕೆ ಬ್ಯಾಕ್ಟೀರಿಯಾ ಯಾಕೆ?" ನಮ್ಮ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ.

ಈ ಸ್ವಿಚ್ಚಿನ ಡಿಎನ್‌ಎ ಬಂದಿದ್ದು ಅಂಚೆಯಲ್ಲಿ. ಬೆಂಗಳೂರಿನ ಲ್ಯಾಬೊಂದರಲ್ಲಿದ್ದ ನಮ್ಮ ಸೀನಿಯರ್ ಅಕ್ಕ ಕಳಿಸಿದ ಕವರ್. ಒಳಗೆ ಬೆರಳಗಲದ ಫಿಲ್ಟರ್ ಪೇಪರ್, ಅದರ ಮೇಲೆ ಪೆನ್ಸಿಲಿನಲ್ಲಿ ಬರೆದ ಸೊನ್ನೆ. ಅಷ್ಟೇ. ಸೊನ್ನೆಯೊಳಗೆ ಡಿಎನ್‌ಎ ಒಣಗಿ ಕೂತಿತ್ತು. ಕತ್ತರಿಸಿ ಒಂದು ಹನಿ ನೀರಿನಲ್ಲಿ ನೆನೆಸಿದರೆ ಬಿಟ್ಟುಕೊಳ್ಳುತ್ತೆ. ಅಟೆಂಡರ್ ಅಣ್ಣ ಕವರನ್ನು ಅಲುಗಾಡಿಸಿ ನೋಡಿ, "ಖಾಲಿ ಬಂದಿದೆ ಕಣಮ್ಮ" ಅಂದಿದ್ದರು.

ಆ ಬೇಸಿಗೆಯಲ್ಲಿ ಅಣ್ಣ ಇಲ್ಲದಿದ್ದರೆ ನಮ್ಮ ಕೆಲಸ ನಡೆಯುತ್ತಿರಲಿಲ್ಲ. ಹಬೆಯಲ್ಲಿ ಸೂಕ್ಷ್ಮಜೀವಿ ಕೊಲ್ಲುವ ಆಟೊಕ್ಲೇವ್ ಕೆಟ್ಟಿತ್ತು, ಅವರು ಮನೆಯಿಂದ ದೊಡ್ಡ ಕುಕ್ಕರ್ ತಂದರು. ಐಸ್ ಜ್ಯೂಸ್ ಅಂಗಡಿಯಿಂದ. ಬ್ಯಾಕ್ಟೀರಿಯಾನ ಐಸಿನಲ್ಲಿ ಅರ್ಧ ಗಂಟೆ ಕೂರಿಸಿ, 42 ಡಿಗ್ರಿ ನೀರಿನಲ್ಲಿ ನಲವತ್ತೈದು ಸೆಕೆಂಡ್ ಅದ್ದಿ, ಮತ್ತೆ ಐಸಿಗೆ ಹಾಕಬೇಕು. ಆ ಬಿಸಿಗೆ ಡಿಎನ್‌ಎ ಒಳಗೆ ಹೋಗುತ್ತೆ. ನಮ್ಮ ವಾಟರ್ ಬಾತ್ 42ರಲ್ಲಿ ನಿಲ್ಲುತ್ತಿರಲಿಲ್ಲ. ಒಬ್ಬ ಥರ್ಮಾಮೀಟರ್ ನೋಡುತ್ತಾ ಚೊಂಬಿನಿಂದ ತಣ್ಣೀರು ಹಾಕುವುದು, ಇನ್ನೊಬ್ಬ ಸೆಕೆಂಡ್ ಎಣಿಸುವುದು. ಎರಡು ಸಲ ಪ್ಲೇಟಿನಲ್ಲಿ ಏನೂ ಬೆಳೆಯಲಿಲ್ಲ. ಮೂರನೇ ಸಲ ಬೆಳಗ್ಗೆ ಬಂದು ನೋಡಿದರೆ ಸಾಬಕ್ಕಿ ಚೆಲ್ಲಿದ ಹಾಗೆ ಹನ್ನೊಂದು ಚುಕ್ಕೆ, ಹೊಸ ಡಿಎನ್‌ಎ ಒಳಗೆ ಹೋದ ಬ್ಯಾಕ್ಟೀರಿಯಾ. ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿಂದು ಬಂದೆವು.

ಇನ್ನು ನೀರು ಬೇಕಿತ್ತು. ಬದಲಾಯಿಸಿದ ಬ್ಯಾಕ್ಟೀರಿಯಾನ ಲ್ಯಾಬಿನಿಂದ ಹೊರಗೆ ಬಿಡುವಂತಿಲ್ಲ, ಐಜೆಮ್ ನಿಯಮವೂ ಅದೇ. ಹಾಗಾಗಿ ನೀರೇ ನಮ್ಮ ಹತ್ತಿರ ಬರಬೇಕು. ಊರಿಗೆ ಹೋಗಿದ್ದ ಹುಡುಗಿ ಅಜ್ಜಿಯ ಎಣ್ಣೆ ಕ್ಯಾನನ್ನು ತೊಳೆದು, ಬೋರ್‌ವೆಲ್ ನೀರು ತುಂಬಿಸಿ, ಬಸ್ಸಿನಲ್ಲಿ ಕಾಲಡಿ ಇಟ್ಟುಕೊಂಡು ತಂದಳು. ಪಾವಗಡದ ದಾರಿ ಗೊತ್ತಲ್ಲ, ಮಧ್ಯೆ ಆಂಧ್ರ ಹೊಕ್ಕು ಹೊರಬರಬೇಕು. "ಕ್ಯಾನು ವಾಪಸ್ ತಗೊಂಡು ಬಾ" ಅಂತ ಅಜ್ಜಿ ಮೂರು ಸಲ ಹೇಳಿ ಕಳಿಸಿದ್ದರಂತೆ.

ಬ್ಯಾಕ್ಟೀರಿಯಾ ಹೊಳೆಯಲಿಲ್ಲ. ಅಂಗಡಿಯಿಂದ ತಂದ ಸೋಡಿಯಂ ಫ್ಲೋರೈಡನ್ನೇ ಲೆಕ್ಕ ಹಾಕಿ ಬೆರೆಸಿದೆವು. ಆಗಲೂ ಇಲ್ಲ. ಒಂದು ತಿಂಗಳು ಒಬ್ಬರ ಮೇಲೊಬ್ಬರು ತಪ್ಪು ಹೊರಿಸಿಕೊಂಡೆವು. ಹನಿ ಅಳೆಯುವ ಪಿಪೆಟ್ ಹಿಡಿಯುವುದು ಸರಿ ಇಲ್ಲ ಅಂತ ನನಗೂ ಬಂತು. ಕೊನೆಗೆ ಮೇಡಂ ಬ್ರೇಕರ್ ಗುಂಪಿನ ಆ 2012ರ ಪ್ರಬಂಧವನ್ನು ಗೆರೆ ಗೆರೆ ಓದಿಸಿದರು. ಕಾರಣ ಅಲ್ಲೇ ಇತ್ತು. ನಾವು ಬಳಸಿದ ಇ. ಕೋಲಿ ಅನ್ನೋ ಬ್ಯಾಕ್ಟೀರಿಯಾದಲ್ಲಿ ಸಿಆರ್‌ಸಿಬಿ ಅಂತ ಒಂದು ಜೀನ್ ಇದೆ. ಒಳಗೆ ಬಂದ ಫ್ಲೋರೈಡನ್ನು ಅದು ಹೊರಗೆ ತಳ್ಳುತ್ತಲೇ ಇರುತ್ತೆ. ಸ್ವಿಚ್ ಸರಿಯಾಗೇ ಇತ್ತು, ಒತ್ತಲು ಒಳಗೆ ಫ್ಲೋರೈಡೇ ಉಳಿಯುತ್ತಿರಲಿಲ್ಲ. ಪಾವಗಡದವಳು ಪುಟ ಮಡಚಿಟ್ಟು, "ಹುಳಕ್ಕೆ ಇರೋ ಪಂಪು ನಮ್ಮಜ್ಜಿಗೆ ಇಲ್ವಲ್ಲೇ" ಅಂದಳು. ನಾವು ನಕ್ಕೆವು. ಅವಳೂ ನಕ್ಕಳು, ಕೈ ಅಡ್ಡ ಇಡಲು ಮರೆತಿದ್ದಳು.

ಆ ಜೀನ್ ತೆಗೆದ ಬ್ಯಾಕ್ಟೀರಿಯಾ ಬೇಕಿತ್ತು. ಜಪಾನಿನವರು ಇ. ಕೋಲಿಯ ಒಂದೊಂದೇ ಜೀನ್ ಕಿತ್ತು ಮಾಡಿದ ಕೀಯೋ ಸಂಗ್ರಹದಲ್ಲಿ ಅದಿದೆ. ಅಕ್ಕ ಎಲ್ಲೋ ಕೇಳಿ, ಬೇಡಿ ಕೊಡಿಸಿದರು. ಬರುವಷ್ಟರಲ್ಲಿ ಐಜೆಮ್ ನಮ್ಮ ಕೈ ಬಿಟ್ಟಿತ್ತು. ಹೆಸರು ನೋಂದಾಯಿಸಲಿಕ್ಕೇ ಆಗ ಐದು ಸಾವಿರ ಡಾಲರ್ ಆಸುಪಾಸು ಬೇಕಿತ್ತು, ಸ್ಪರ್ಧೆ ನಡೆಯುತ್ತಿದ್ದ ಬಾಸ್ಟನ್‌ಗೆ ಟಿಕೆಟ್ ಬೇರೆ. ನಾವು ಕೂಡಿಸಿದ್ದು ಇಪ್ಪತ್ತಾರು ಸಾವಿರ ರೂಪಾಯಿ. ಒಂದು ಕಂಪನಿಯವರು ಕೊಡುತ್ತೇವೆ ಅಂದು ಆಮೇಲೆ ಫೋನೇ ಎತ್ತಲಿಲ್ಲ. ಇದರ ಬಗ್ಗೆ ಜಾಸ್ತಿ ಬರೆಯಲು ಮನಸ್ಸಿಲ್ಲ.

ಪ್ರಯೋಗ ಮಾತ್ರ ಮುಗಿಸಿದೆವು. ಸೆಮಿಸ್ಟರಿನ ಕೊನೆಯ ವಾರ, ಸಂಜೆ, ಕಿಟಕಿಗೆಲ್ಲ ಕಪ್ಪು ಬಟ್ಟೆ. ಒಂದು ಟ್ಯೂಬಿನಲ್ಲಿ ತುಮಕೂರಿನ ನಲ್ಲಿಯ ಹೇಮಾವತಿ ನೀರು, ಇನ್ನೊಂದರಲ್ಲಿ ಕ್ಯಾನಿನ ನೀರು. ನೀಲಿ ದೀಪ ಹಾಕಿ, ಕಿತ್ತಳೆ ಬಣ್ಣದ ಹಾಳೆ ಅಡ್ಡ ಹಿಡಿದು ನೋಡಿದೆವು. ಎರಡನೆಯದು ತುಸು ಹಸಿರು. ನಮ್ಮ ಆಸೆಗೆ ಹಾಗೆ ಕಾಣುತ್ತಿದೆಯೇನೋ ಅಂತ ಅನುಮಾನ ಬಂದು, ಟ್ಯೂಬಿನ ಹೆಸರು ಮುಚ್ಚಿ, ಅಣ್ಣನನ್ನು ಕರೆದು ಯಾವುದು ಹಸಿರು ಅಂತ ಕೇಳಿದೆವು. ಅವರು ಕನ್ನಡಕ ಒರೆಸಿಕೊಂಡು ಕ್ಯಾನಿನ ನೀರಿನ ಟ್ಯೂಬನ್ನೇ ಮುಟ್ಟಿದರು. ಅದಲು ಬದಲು ಮಾಡಿ ಮತ್ತೆ ಕೇಳಿದೆವು. ಮತ್ತೆ ಅದನ್ನೇ ಮುಟ್ಟಿದರು.

ಪಾವಗಡದವಳು ಈಗ ಮಧುಗಿರಿಯಲ್ಲಿ ಪಿಯು ಮಕ್ಕಳಿಗೆ ಬಯಾಲಜಿ ಪಾಠ ಮಾಡುತ್ತಾಳೆ. ಹೋದ ತಿಂಗಳು ಫೋನಿನಲ್ಲಿ ಸಿಕ್ಕಾಗ ಹೇಳಿದಳು, ಅಜ್ಜಿ ಇನ್ನೂ ಕ್ಯಾನು ಕೇಳುತ್ತಾರಂತೆ. ಈಗಿನ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ಲ್ಯಾಬಿನ ಹಿಂದಿನ ಸ್ಟೋರ್ ರೂಮಿನಲ್ಲಿ, ಬೀರುವಿನ ಮೇಲೆ, ಹಳದಿ ಮುಚ್ಚಳದ ಬಿಳಿ ಕ್ಯಾನು ಇರಬಹುದು. ಇದ್ದರೆ ದಯವಿಟ್ಟು ಬಿಸಾಡಬೇಡಿ, ಮೇಡಂ ಹತ್ತಿರ ಕೊಡಿ. ನಾನು ಬಂದು ತಗೊಂಡು ಹೋಗುತ್ತೇನೆ.